ಸ್ಟೀಲ್ ಲೋಟದ ವೈನು, ಕಾಂಗ್ರೆಸ್ ಕಡಲೆಕಾಯಿ ಮತ್ತು ಕ್ಯಾಲೊರಿ ಲೆಕ್ಕ

ಏನಾದರೂ ಬರೆದು ಎರಡು ತಿಂಗಳಾಯ್ತು. ಸೋಮಾರಿತನ, ಇನ್ನೇನಿಲ್ಲ. ಈಗ ಬರೆಯಲು ಕೂತರೆ ತಲೆಯಲ್ಲಿರೋದು ವೈನು. ಬಸವನಗುಡಿಯವನು, ಅದರಲ್ಲೂ ದೊಡ್ಡ ಬಸವಣ್ಣನ ಗುಡಿಗೆ ನಡೆದೇ ಹೋಗುವಷ್ಟು ಹತ್ತಿರದವನು, ವೈನಿನ ಬಗ್ಗೆ ಬರೆಯೋದಾ ಅಂತ ಕೆಲವರಾದರೂ ಹುಬ್ಬೇರಿಸ್ತೀರಿ. ಏರಿಸಿ. ಅಮ್ಮ ಈ ಪುಟ ಓದೋದಿಲ್ಲ ಅನ್ನೋ ಒಂದೇ ಧೈರ್ಯದ ಮೇಲೆ ಬರೀತಾ ಇದೀನಿ :-)

ಕತೆ ಶುರುವಾಗಿದ್ದು ರಕ್ತಪರೀಕ್ಷೆಯಿಂದ. ಖಾಲಿ ಹೊಟ್ಟೆಯ ಸಕ್ಕರೆ 114, ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ 6.1. "ಇನ್ನೂ ಡಯಾಬಿಟಿಸ್ ಅಲ್ಲ, ಆದ್ರೆ ಹೊಸಲು ಮೇಲೆ ನಿಂತಿದೀರಿ" ಅಂದರು ಡಾಕ್ಟರು. ಆರು ಕೆಜಿ ಇಳಿಸಬೇಕಂತೆ. ಅನ್ನ ಕಡಿಮೆ, ಕಾಫಿಗೆ ಸಕ್ಕರೆ ಬೇಡ, ದಿನಾ ನಡಿಗೆ, ಎಲ್ಲಾ ಗೊತ್ತಿರೋದೇ. ಕೊನೆಗೆ "ಡ್ರಿಂಕ್ಸ್?" ಅಂದರು.

"ಯಾವಾಗ್ಲೋ ಒಂದ್ಸಲ. ವೈನ್ ಅಷ್ಟೇ ಡಾಕ್ಟ್ರೇ."

"ಎಷ್ಟು?"

"ಒಂದು ಗ್ಲಾಸ್."

"ಎಷ್ಟು ದೊಡ್ಡ ಗ್ಲಾಸು?"

ಉತ್ತರ ಇರಲಿಲ್ಲ. ಹದಿನೈದು ವರ್ಷದಿಂದ ಅಪರೂಪಕ್ಕೆ ಕುಡೀತಾ ಬಂದಿದೀನಿ, ನನ್ನ ಗ್ಲಾಸಿನ ಅಳತೆ ನನಗೇ ಗೊತ್ತಿಲ್ಲ. ಹೊರಗೆ ಬರುವಾಗ ಮನಸ್ಸಿನಲ್ಲೊಂದು ಉಪಾಯ ಹೊಳೀತು: ಬಿಡೋದೇನೂ ಬೇಡ, ಕಡಿಮೆ ಕ್ಯಾಲೊರಿಯ ವೈನ್ ಯಾವುದು ಅಂತ ಹುಡುಕಿ ಅದಕ್ಕೆ ಬದಲಾದರಾಯ್ತು. ಸಕ್ಕರೆ ಬದಲು ಬೆಲ್ಲ ತಿಂದು ಡಯಟ್ ಮಾಡ್ತೀನಿ ಅನ್ನೋ ನಮ್ಮ ಚಿಕ್ಕಪ್ಪನ ತರ್ಕ ಇದು, ಆಗ ಹೊಳೀಲಿಲ್ಲ ಅಷ್ಟೇ.

ನಮ್ಮೂರಿನಲ್ಲಿ ವೈನ್ ಹುಡುಕೋದೇ ಒಂದು ತಮಾಷೆ. ಬೆಂಗಳೂರಿನ ಬೀದಿಬೀದಿಯಲ್ಲಿ "ವೈನ್ಸ್" ಅಂತ ಬೋರ್ಡಿದೆ. ಒಳಗೆ ವಿಸ್ಕಿ, ಬ್ರಾಂದಿ, ರಮ್ಮು, ಬಿಯರು. ವೈನ್ ಎಲ್ಲಿ ಅಂದರೆ ಅಂಗಡಿಯವನು ಏಣಿ ಹತ್ತಿ, ಮೇಲಿನ ಅಟ್ಟದಿಂದ ಧೂಳು ಕೂತ ಎರಡು ಬಾಟಲಿ ಇಳಿಸಿ, ಬಟ್ಟೆಯಲ್ಲಿ ಒರೆಸಿ ಕೊಡ್ತಾನೆ. ಎಷ್ಟು ಬೇಸಿಗೆ ಆ ಅಟ್ಟದಲ್ಲಿ ಬೆಂದಿದೆಯೋ ದೇವರಿಗೇ ಗೊತ್ತು. ಈಗ ದೊಡ್ಡ ಅಂಗಡಿಗಳಲ್ಲಿ ಪರವಾಗಿಲ್ಲ, ಒಂದಿಡೀ ಗೋಡೆ ವೈನಿಗೇ ಇರುತ್ತೆ. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೆ, ವೈನಿಗೆ ಅಂತಲೇ ಒಂದು ನೀತಿ ತಂದಿತು, ಆಮೇಲೆ ವೈನ್ ಮಂಡಳಿ ಬಂತು. ಅದಕ್ಕೂ ಮುಂಚೆ, 1988ರಲ್ಲೇ ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ, ಗ್ರೋವರ್ ಅವರ ದ್ರಾಕ್ಷಿ ತೋಟ ಶುರುವಾಗಿತ್ತು. ಅಂದರೆ ನಮ್ಮ ಮನೆಯಿಂದ ಒಂದೂವರೆ ಗಂಟೆ ದಾರಿಯಲ್ಲಿ ವೈನು ತಯಾರಾಗ್ತಾ ಮೂರು ದಶಕ ದಾಟಿದೆ, ನಾವಿನ್ನೂ ಅದನ್ನ ಕಾಗದದಲ್ಲಿ ಸುತ್ತಿ, ಕಪ್ಪು ಕವರಿನಲ್ಲಿ ಹಾಕಿ, ತರಕಾರಿ ಚೀಲದ ಅಡಿಯಲ್ಲಿ ಇಟ್ಕೊಂಡು ಬರ್ತೀವಿ. ಮೇಲೆ ಗಾಂಧಿ ಬಜಾರಿನ ದಂಟಿನ ಸೊಪ್ಪು!

ಸರಿ, ಆ ಗೋಡೆಯ ಮುಂದೆ ನಿಂತು ಒಂದೊಂದೇ ಬಾಟಲಿ ತಿರುಗಿಸಿ ನೋಡಿದೆ. ಆಲ್ಕೋಹಾಲ್ ಶೇಕಡಾ ಎಷ್ಟು, ಇದೆ. ಎಷ್ಟು ಮಿಲಿ, ಇದೆ. ಮದ್ಯಪಾನ ಹಾನಿಕರ ಅನ್ನೋ ಎಚ್ಚರಿಕೆ, ಇದೆ. ಕ್ಯಾಲೊರಿ? ನಾನು ತಿರುಗಿಸಿದ ಯಾವುದರ ಮೇಲೂ ಇರಲಿಲ್ಲ. ಎರಡು ರೂಪಾಯಿ ಬಿಸ್ಕತ್ತಿನ ಪೊಟ್ಟಣದ ಮೇಲೆ ಶಕ್ತಿ ಎಷ್ಟು, ಸಕ್ಕರೆ ಎಷ್ಟು, ಕೊಬ್ಬೆಷ್ಟು ಅಂತ ಪಂಚಾಂಗದ ಹಾಗೆ ಕೋಷ್ಟಕ ಇರುತ್ತೆ. ಸಾವಿರ ರೂಪಾಯಿ ಬಾಟಲಿಗೆ ಇಲ್ಲ. ಯುರೋಪಿನಲ್ಲೂ ಮೊನ್ನೆ ಮೊನ್ನೆವರೆಗೆ ಹೀಗೇ ಇತ್ತು. 2023ರ ಡಿಸೆಂಬರ್ 8ರಿಂದ ಈಚೆಗೆ ತಯಾರಾದ ವೈನಿಗೆ ಅಲ್ಲಿ ಕ್ಯಾಲೊರಿ ಬರೆಯಲೇಬೇಕು, ಒಳಗೆ ಏನೇನು ಹಾಕಿದೆ ಅನ್ನೋದನ್ನೂ ಕನಿಷ್ಠ ಒಂದು ಕ್ಯೂಆರ್ ಕೋಡಿನ ಹಿಂದಾದರೂ ಕೊಡಲೇಬೇಕು. ನಮ್ಮಲ್ಲಿ ಅಂಥ ಕಡ್ಡಾಯ ಇಲ್ಲ.

ಹಾಗಾಗಿ ಲೆಕ್ಕ ನಾವೇ ಹಾಕ್ಬೇಕು. ಹೆದರಬೇಡಿ, ಎಂಟನೇ ಕ್ಲಾಸಿನ ಗಣಿತ ಸಾಕು.

ವೈನಿನಲ್ಲಿ ಕ್ಯಾಲೊರಿ ಬರೋದು ಎರಡೇ ಕಡೆಯಿಂದ ಅಂದ್ಕೊಳ್ಳಿ. ಒಂದು ಆಲ್ಕೋಹಾಲು, ಒಂದು ಗ್ರಾಮಿಗೆ 7 ಕ್ಯಾಲೊರಿ. ಇನ್ನೊಂದು ಉಳಿದ ಸಕ್ಕರೆ, ಗ್ರಾಮಿಗೆ 4. ಆಲ್ಕೋಹಾಲು ನೀರಿಗಿಂತ ಹಗುರ, ಒಂದು ಮಿಲಿ ಅಂದರೆ 0.79 ಗ್ರಾಂ. ಇದನ್ನೆಲ್ಲ ಒಟ್ಟು ಹಾಕಿದರೆ ಸಿಗೋ ಸೂತ್ರ: ಎಷ್ಟು ಮಿಲಿಯೋ ಅದನ್ನು ಬಾಟಲಿ ಮೇಲಿನ ಶೇಕಡಾ ಸಂಖ್ಯೆಯಿಂದ ಗುಣಿಸಿ, 0.055ರಿಂದ ಮತ್ತೆ ಗುಣಿಸಿ. 150 ಮಿಲಿ, ಶೇ. 12ರ ವೈನಾದರೆ 99. ಅದೇ 150 ಮಿಲಿ ಶೇ. 14ರದ್ದಾದರೆ 115. ಡ್ರೈ ವೈನಿನಲ್ಲಿ ಉಳಿದಿರೋ ಸಕ್ಕರೆ ಸಾಮಾನ್ಯವಾಗಿ ಲೀಟರಿಗೆ ನಾಲ್ಕು ಗ್ರಾಮಿನ ಒಳಗೆ, ಗ್ಲಾಸಿಗೆ ಎರಡೂವರೆ ಕ್ಯಾಲೊರಿ. ಬಿಟ್ಟಾಕಿ. ಕೆಂಪೋ ಬಿಳಿಯೋ ಅನ್ನೋದರಿಂದ ಹೇಳಿಕೊಳ್ಳುವ ವ್ಯತ್ಯಾಸ ಏನೂ ಆಗಲ್ಲ, ಆ ಶೇಕಡಾ ಸಂಖ್ಯೆಯಿಂದ ಆಗುತ್ತೆ.

ಇಲ್ಲಿ ನಾನೂ ಬಹಳ ಕಾಲ ನಂಬಿದ್ದ ಒಂದು ತಪ್ಪು ಕಲ್ಪನೆ ಇದೆ. ಡ್ರೈ ವೈನ್ ಅಂದರೆ ಸಕ್ಕರೆಯೆಲ್ಲ ಯೀಸ್ಟು ತಿಂದುಬಿಟ್ಟಿದೆ, ಅಂದಮೇಲೆ ಕ್ಯಾಲೊರಿಯೂ ಹೋಯ್ತು ಅಂತ. ಹೋಗಲ್ಲ ಸ್ವಾಮೀ. ಯೀಸ್ಟು ಒಂದು ಗ್ರಾಂ ಸಕ್ಕರೆ ತಿಂದರೆ ಅರ್ಧ ಗ್ರಾಮಿನಷ್ಟು ಆಲ್ಕೋಹಾಲ್ ಬಿಡುತ್ತೆ, ಮಿಕ್ಕಿದ್ದು ಗಾಳಿಯಾಗಿ ಹೋಗುತ್ತೆ. ನಾಲ್ಕು ಕ್ಯಾಲೊರಿಯ ಸಕ್ಕರೆ ಹೋಗಿ ಮೂರೂವರೆ ಕ್ಯಾಲೊರಿಯ ಆಲ್ಕೋಹಾಲ್ ಬಂತು. ಅಂದರೆ ದ್ರಾಕ್ಷಿ ರಸದಲ್ಲಿ ಎಷ್ಟು ಕ್ಯಾಲೊರಿ ಇತ್ತೋ ಅದರ ಹೆಚ್ಚುಪಾಲು ವೈನಿನಲ್ಲೂ ಹಾಗೇ ಕೂತಿದೆ, ವೇಷ ಬದಲಾಯಿಸಿಕೊಂಡು. ನನ್ನಂಥ ಹೊಸಲು ಮೇಲೆ ನಿಂತವನಿಗೆ ರಕ್ತದ ಸಕ್ಕರೆ ದೃಷ್ಟಿಯಿಂದ ಡ್ರೈ ವೈನ್ ವಾಸಿ, ಅದು ನಿಜ. ತೂಕದ ದೃಷ್ಟಿಯಿಂದ ಡ್ರೈ ಅನ್ನೋ ಪದಕ್ಕೆ ಅಷ್ಟು ದೊಡ್ಡ ಮಹಿಮೆ ಇಲ್ಲ.

ಸಿಹಿ ವೈನಿನದು ಬೇರೆ ಕತೆ. ಇಲ್ಲಿ ಚಾಮರಾಜಪೇಟೆಗೆ ಹೋಗಬೇಕು. ಅಲ್ಲಿ ನನ್ನ ಹಳೇ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಪ್ರತಿ ಕ್ರಿಸ್‌ಮಸ್‌ಗೆ ಪ್ಲಮ್ ಕೇಕಿನ ಜೊತೆ ಮನೆಯಲ್ಲೇ ಮಾಡಿದ ವೈನು ಕೊಡ್ತಾರೆ. ಇಷ್ಟೇ ಇಷ್ಟು, ಪೂಜೆಯ ಪಂಚಪಾತ್ರೆಯಷ್ಟು ಗ್ಲಾಸಿನಲ್ಲಿ. ಅವರ ತಾಯಿ ಹೇಳಿದ ಅಳತೆ: ಒಂದು ಕೆಜಿ ಕಪ್ಪು ದ್ರಾಕ್ಷಿ, ಒಂದು ಕೆಜಿ ಸಕ್ಕರೆ, ಎರಡು ಲೀಟರ್ ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಒಂದು ಚಮಚ ಯೀಸ್ಟು. ಉಪ್ಪಿನಕಾಯಿ ಹಾಕೋ ಭರಣಿಯಲ್ಲಿ ಬಟ್ಟೆ ಕಟ್ಟಿ ಇಡೋದು, ದಿನಕ್ಕೊಂದು ಸಲ ಮರದ ಸೌಟಿನಲ್ಲಿ ತಿರುಗಿಸೋದು. ದ್ರಾಕ್ಷಿ ಬೇರೆ ಯಾವುದೂ ಆಗಲ್ವಂತೆ, ನಮ್ಮ ಬೆಂಗಳೂರು ನೀಲಿಯೇ ಆಗಬೇಕಂತೆ. ಅದೇ, ತಳ್ಳುಗಾಡಿಯಲ್ಲಿ ಬರುತ್ತಲ್ಲ, ದಪ್ಪ ಸಿಪ್ಪೆ, ಒಳಗೆ ಬೀಜ, ಬಾಯಿಗೆ ಹಾಕಿದರೆ ಹುಳಿಯೂ ಹೌದು ಕಸ್ತೂರಿಯಂಥ ಒಂದು ವಾಸನೆಯೂ ಹೌದು. 2013ರಲ್ಲಿ ಭೌಗೋಳಿಕ ಗುರುತು ಸಿಕ್ಕ ದ್ರಾಕ್ಷಿ. ಹಾಗೇ ಒಂದು ಮಾತು: ನಾವು ಹುರುಳಿಕಾಯಿ, ಸೀಬೆಹಣ್ಣು ಕೊಳ್ಳೋ ಹಾಪ್‌ಕಾಮ್ಸ್ ಇದೆಯಲ್ಲ, ಅದು 1959ರಲ್ಲಿ ಹುಟ್ಟಿದ್ದು ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ದ್ರಾಕ್ಷಿಗೂ ಈ ಊರಿಗೂ ಇರೋ ನಂಟು ಸಾಫ್ಟ್‌ವೇರಿಗಿಂತ ಹಳೇದು.

ಆ ಕ್ರಿಸ್‌ಮಸ್ ವೈನಿನ ಲೆಕ್ಕ ಹಾಕಿ ನೋಡಿದೆ. ಒಂದು ಕೆಜಿ ಸಕ್ಕರೆಯೇ ನಾಲ್ಕು ಸಾವಿರ ಕ್ಯಾಲೊರಿ. ದ್ರಾಕ್ಷಿಯದು ಇನ್ನೊಂದು ಆರುನೂರು ಚಿಲ್ಲರೆ. ಸಕ್ಕರೆಯ ಒಂದು ಪಾಲನ್ನು ಯೀಸ್ಟು ತಿಂದರೂ ಕ್ಯಾಲೊರಿ ಎಲ್ಲೂ ಓಡಿಹೋಗಲ್ಲ ಅಂತ ಆಗಲೇ ನೋಡಿದ್ವಿ. ಮೂರು ಲೀಟರಿಗೆ ಹಂಚಿದರೆ ಅಂಗಡಿಯ ಡ್ರೈ ವೈನಿನ ಎರಡರಷ್ಟು ಬರುತ್ತೆ. ಆದರೆ ಅವರು ಕೊಡೋದು ವರ್ಷಕ್ಕೊಂದು ಸಲ, ಅರವತ್ತು ಮಿಲಿ. ಇಂಥದ್ದಕ್ಕೆ ಕ್ಯಾಲೊರಿ ಲೆಕ್ಕ ಹಾಕೋದೇ ಪಾಪ, ಹಾಕಿದ್ದಕ್ಕೆ ಕ್ಷಮೆ ಇರಲಿ.

ಎಚ್ಚರಿಕೆ ಬೇಕಿರೋದು ಅಂಗಡಿಯಲ್ಲಿ. "ಲೈಟ್" ಅಂತ ಕಂಡಿದ್ದೆಲ್ಲ ಲೈಟಲ್ಲ. ಇಟಲಿಯ ಮೊಸ್ಕಾತೋ ದಾಸ್ತಿ ಅಂತ ಒಂದು ಬಗೆ ಇದೆ, ಆಲ್ಕೋಹಾಲ್ ಐದೂವರೆ ಅಷ್ಟೇ, ಬಿಯರಿನ ಹಾಗೆ. ನೋಡಿದ ಕೂಡಲೇ ಇದೇ ನಮ್ಮ ಡಯಟ್ ವೈನ್ ಅನ್ನಿಸುತ್ತೆ. ಸಕ್ಕರೆ ಲೀಟರಿಗೆ 110 ಗ್ರಾಂ ಅಂತಿಟ್ಟುಕೊಂಡರೆ ಒಂದು ಗ್ಲಾಸಿಗೆ ಆಲ್ಕೋಹಾಲಿನಿಂದ 45, ಸಕ್ಕರೆಯಿಂದ 66, ಒಟ್ಟು 111. ಶೇ. 12ರ ಡ್ರೈ ವೈನಿಗಿಂತ ಜಾಸ್ತಿಯೇ ಆಯ್ತು, ಜೊತೆಗೆ ನಾಲ್ಕು ಚಮಚ ಸಕ್ಕರೆ ನೇರ ರಕ್ತಕ್ಕೆ. "ಲೇಟ್ ಹಾರ್ವೆಸ್ಟ್" ಅಂತ ಇದ್ದರೆ ಬಳ್ಳಿಯಲ್ಲೇ ಬಿಟ್ಟು ಸಿಹಿ ಏರಿಸಿದ ದ್ರಾಕ್ಷಿ, ಪಾಯಸ ಅಂತಲೇ ತಿಳಿಯಿರಿ. ಪೋರ್ಟ್ ಹೆಸರಿನವು ಎಲ್ಲಾ ಸಿಹಿ. ನಮ್ಮ ಶೆನಿನ್ ಬ್ಲಾಂಗಳಲ್ಲಿ ಎಷ್ಟೋ ಸ್ವಲ್ಪ ಸಿಹಿಯ ಕಡೆ ವಾಲಿರ್ತವೆ, ಸೋವಿನ್ಯೋ ಬ್ಲಾಂ ಸಾಮಾನ್ಯವಾಗಿ ಡ್ರೈ. ಇನ್ನು ನೊರೆ ಬರುವ ವೈನಿನ ಹೆಸರಿಟ್ಟವರಿಗೆ ಯಾರ ಮೇಲೆ ಸಿಟ್ಟಿತ್ತೋ, ಅಲ್ಲಿ "ಎಕ್ಸ್‌ಟ್ರಾ ಡ್ರೈ" ಅನ್ನೋದು "ಬ್ರೂಟ್" ಅನ್ನೋದಕ್ಕಿಂತ ಸಿಹಿ! ಬ್ರೂಟ್ ಲೀಟರಿಗೆ 12 ಗ್ರಾಮಿನ ಒಳಗೆ, ಎಕ್ಸ್‌ಟ್ರಾ ಡ್ರೈ ಹನ್ನೆರಡರಿಂದ ಹದಿನೇಳು.

ಇಷ್ಟೆಲ್ಲ ಓದಿ, ಶೇ. 12ರ ಒಂದು ಬಿಳಿ ಡ್ರೈ ವೈನ್ ಆರಿಸಿ ತಂದೆ. ಗೆದ್ದೆ ಅನ್ನಿಸಿತು. ಹದಿನಾಲ್ಕರದನ್ನು ಬಿಟ್ಟು ಹನ್ನೆರಡರದ್ದು ತಂದಿದ್ದರಿಂದ ಗ್ಲಾಸಿಗೆ 16 ಕ್ಯಾಲೊರಿ ಉಳಿತಾಯ.

ಹದಿನಾರು ಕ್ಯಾಲೊರಿ ಅಂದರೆ ಎಷ್ಟು ಗೊತ್ತಾ? ಐದಾರು ಕಡಲೆಬೀಜ.

ನಮ್ಮನೇಲಿ ವೈನ್ ಗ್ಲಾಸಿಲ್ಲ. ಇದ್ದರೆ ಅಮ್ಮನ ಕಣ್ಣಿಗೆ ಬೀಳುತ್ತಲ್ಲ. ಹಾಗಾಗಿ ಮಹಡಿ ಮೇಲಿನ ಕೋಣೆಯಲ್ಲಿ, ಅಮ್ಮ ಮಲಗಿದ ಮೇಲೆ, ಸ್ಟೀಲ್ ಲೋಟದಲ್ಲಿ ಕುಡಿಯೋದು ನನ್ನ ಪದ್ಧತಿ. ಡಾಕ್ಟರ ಪ್ರಶ್ನೆ ತಲೆಯಲ್ಲಿ ಕೊರೀತಾ ಇತ್ತು. ಮಗಳು ಚಿಕ್ಕವಳಿದ್ದಾಗಿನ ಹಾಲಿನ ಬಾಟಲಿ ಅಟ್ಟದಲ್ಲಿತ್ತು, ಅದರ ಮೇಲೆ ಮಿಲಿ ಗುರುತಿರುತ್ತಲ್ಲ, ಅದರಲ್ಲಿ ನೀರು ತುಂಬಿ ನಾನು "ಒಂದು ಗ್ಲಾಸ್" ಅಂತ ಹಾಕಿಕೊಳ್ಳೋ ಮಟ್ಟಕ್ಕೆ ಲೋಟಕ್ಕೆ ಸುರಿದೆ. ಇನ್ನೂರ ನಲವತ್ತು ಮಿಲಿ! ಅದೂ ಹೋದ ವರ್ಷವೆಲ್ಲ ಕುಡಿದದ್ದು ಶೇ. 13.5ರ ಕೆಂಪು ವೈನು. ಲೋಟಕ್ಕೆ 178 ಕ್ಯಾಲೊರಿ. ಎರಡು ಲೋಟ ಹಾಕಿಕೊಂಡ ರಾತ್ರಿ "ಎರಡೇ ಗ್ಲಾಸ್" ಅಂತ ನೆಮ್ಮದಿಯಾಗಿ ಮಲಗಿದವನು ನಾನು. ಮುಕ್ಕಾಲು ಲೀಟರ್ ಬಾಟಲಿಯಲ್ಲಿ ಐದು ಗ್ಲಾಸ್ ಇರಬೇಕು ಅಂತಾರೆ, ನನಗೆ ಯಾವತ್ತೂ ಮೂರೇ ಬರ್ತಿತ್ತು. ಬಾಟಲಿ ಮಾಡೋರು ಮೋಸ ಮಾಡ್ತಾರೆ ಅಂದ್ಕೊಂಡಿದ್ದೆ.

ಕಳ್ಳತನದಲ್ಲಿ ಕುಡಿಯೋರ ಕಷ್ಟ ಇದು. ಬಚ್ಚಿಟ್ಟಿದ್ದನ್ನ ಯಾರೂ ಅಳೆಯಲ್ಲ. ಬಾಟಲಿ ತೆರೆದ ಮೇಲೆ ಫ್ರಿಜ್ಜಿನಲ್ಲಿಡೋ ಹಾಗಿಲ್ಲ, ಇಟ್ಟರೆ ಬೆಳಗ್ಗೆ ಮೊಸರಿನ ಪಾತ್ರೆ ತೆಗೆಯೋವಾಗ ಸಿಕ್ಕಿಬೀಳ್ತೀವಿ. ಹಾಗಾಗಿ ಎರಡು ದಿನದಲ್ಲಿ ಮುಗಿಸಲೇಬೇಕು. ವೈನನ್ನು ಮೇಜಿನ ಮೇಲಿಟ್ಟು, ಊಟದ ಜೊತೆ, ಎಲ್ಲರೆದುರಿಗೆ ಅರ್ಧ ಗ್ಲಾಸ್ ಕುಡಿಯೋ ಊರುಗಳಲ್ಲಿ ಅಳತೆ ತಾನಾಗಿ ಬರಬಹುದೇನೋ. ನಮ್ಮ ಬಡಾವಣೆಗಳಲ್ಲಿ ಬಾಗಿಲು ಹಾಕಿಕೊಂಡು, ಸದ್ದಾಗದ ಹಾಗೆ, ಬೇಗ ಬೇಗ. ಮನೆಯಲ್ಲಿ ಕುಡೀಬೇಕು ಅಂತ ನಾನು ವಕಾಲತ್ತು ಮಾಡ್ತಿಲ್ಲ. ಕುಡಿಯೋನು ತನ್ನ ಲೋಟವನ್ನಾದರೂ ತಾನು ಅಳೀಲಿ ಅಂತ.

ತಮಾಷೆ ಅಂದರೆ ಇದೇ ಮನೆಯಲ್ಲಿ ಅಜ್ಜಿ ರಾತ್ರಿ ಊಟವಾದ ಮೇಲೆ ದ್ರಾಕ್ಷಾರಿಷ್ಟ ಕುಡೀತಿದ್ದರು. ಒಣದ್ರಾಕ್ಷಿ, ಬೆಲ್ಲ ಹಾಕಿ ಹುದುಗಿಸಿದ್ದು, ಅದರಲ್ಲಿ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇದೆ ಅಂತ ಬಾಟಲಿ ಮೇಲೇ ಬರೆದಿರುತ್ತೆ, ಐದರಿಂದ ಹತ್ತು ಶೇಕಡಾ. ಆ ಬಾಟಲಿ ದೇವರಮನೆ ಪಕ್ಕದ ಗೂಡಿನಲ್ಲಿ ರಾಜಾರೋಷವಾಗಿ ಕೂತಿರ್ತಿತ್ತು. ಆದರೆ ಅಜ್ಜಿಗೆ ಅಳತೆ ಇತ್ತು: ಔಷಧಿ ಲೋಟದಲ್ಲಿ ನಾಲ್ಕು ಚಮಚ, ಅಷ್ಟೇ ನೀರು. ಒಂದು ಹನಿ ಹೆಚ್ಚಿಗೆ ಹಾಕಿಕೊಂಡಿದ್ದು ನಾನು ನೋಡಿಲ್ಲ.

ಈಗ ತಟ್ಟೆಗೆ ಬರೋಣ. ಇದು ನನ್ನ ಪ್ರಕಾರ ಇಡೀ ವಿಷಯದ ನಿಜವಾದ ಖಳನಾಯಕ. ವೈನಿನ ಜೊತೆ ಚೀಸು, ಆಲಿವ್ ಅಂತೆಲ್ಲ ಹೊರಗಿನವರು ಬರೀತಾರೆ. ನಮಗೆ ಅಯ್ಯಂಗಾರ್ ಬೇಕರಿಯ ಕಾಂಗ್ರೆಸ್ ಕಡಲೆಕಾಯಿ. ಕರಿಬೇವು, ಮೆಣಸು, ಇಂಗು ಹಾಕಿ ಹುರಿದ ಆ ಅರೆಬೀಜಗಳನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಸ್ಮಾರಕ ಕಟ್ಟಬೇಕು. ಕಡಲೆಕಾಯಿ ಬೀಜ ನೂರು ಗ್ರಾಮಿಗೆ 560 ಕ್ಯಾಲೊರಿ ದಾಟುತ್ತೆ. ಒಂದು ದೊಡ್ಡ ಹಿಡಿ ಅಂದರೆ ಮೂವತ್ತು ಗ್ರಾಂ, 170. ಯಾರು ಸ್ವಾಮೀ ಒಂದು ಹಿಡಿಗೆ ನಿಲ್ಲಿಸಿದವರು? ಚಳಿಗಾಲದಲ್ಲಿ ಇನ್ನೂ ಕಷ್ಟ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ, ಮನೆ ತುಂಬ ಕಡಲೆಕಾಯಿ. ಅದು ಮುಗಿಯೋಷ್ಟರಲ್ಲಿ ಅವರೆಕಾಯಿ ಕಾಲ, ಸಜ್ಜನರಾವ್ ಸರ್ಕಲ್ಲಿನ ಕಡೆಯಿಂದ ಹುರಿದ ಅವರೆಬೇಳೆ ಮಿಕ್ಸ್ಚರು. ಆಲ್ಕೋಹಾಲಿಗೆ ಇನ್ನೊಂದು ಗುಣ ಇದೆ, ಹಸಿವು ಏರಿಸುತ್ತೆ, ಸಾಕು ಅನ್ನೋ ಬುದ್ಧಿಯ ಹಗ್ಗ ಸಡಿಲ ಮಾಡುತ್ತೆ. ಎರಡನೇ ಗ್ಲಾಸಿನ ಹೊತ್ತಿಗೆ ಪೊಟ್ಟಣವನ್ನ ಬಟ್ಟಲಿಗೆ ಸುರಿಯೋದೂ ಇಲ್ಲ, ನೇರ ಕೈ ಹಾಕೋದೇ.

ನೂರು ಗ್ರಾಂ ಪೊಟ್ಟಣ ಖಾಲಿ ಮಾಡಿ, ಹದಿನಾರು ಕ್ಯಾಲೊರಿ ಕಡಿಮೆಯ ವೈನ್ ಹುಡುಕಿದೆ ಅಂತ ಬೀಗಿದವನ ಕತೆ ಇದು. ನಗಬೇಡಿ.

ಇಲ್ಲಿವರೆಗೆ ನಗೋ ಕತೆ. ಇನ್ನೊಂದು ಇದೆ, ಅದರಲ್ಲಿ ನಗು ಇಲ್ಲ. ಮಲ್ಲೇಶ್ವರದ ನಮ್ಮ ಭಾವ, ಅಕ್ಕನ ಯಜಮಾನರು, ನನಗಿಂತ ಹನ್ನೊಂದು ವರ್ಷ ದೊಡ್ಡವರು. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ಆಗಿದೆ. ಶಿಸ್ತಿನ ಮನುಷ್ಯ. ದಿನಾ ಬೆಳಗ್ಗೆ ಸ್ಯಾಂಕಿ ಕೆರೆ ಸುತ್ತಾರೆ. ಅವರಿಗೆ ಈ ಕ್ಯಾಲೊರಿ ಲೆಕ್ಕ ಹೇಳಿಕೊಟ್ಟವನು ನಾನೇ, ಅದೇ ನನಗೆ ಈಗಲೂ ಚುಚ್ಚೋದು. "ಅಂದ್ರೆ ಎರಡು ಗ್ಲಾಸ್ ವೈನೂ ರಾತ್ರಿಯ ಎರಡು ಚಪಾತಿಯೂ ಒಂದೇ ಅಂತಾಯ್ತು ಕಣೋ" ಅಂದರು. ಹೆಚ್ಚುಕಡಿಮೆ ಹೌದು ಭಾವ ಅಂದೆ. ಆ ಶನಿವಾರ ಅವರು ಚಪಾತಿ ಬಿಟ್ಟು ವೈನ್ ಕುಡಿದರು. ಲೆಕ್ಕ ಸರಿಯಾಗಿತ್ತು. ಮಾತ್ರೆ ಮಾತ್ರ ಎಂದಿನಂತೆ ನುಂಗಿದ್ದರು, ಗ್ಲಿಮೆಪಿರೈಡ್ ಅಂತ, ದೇಹದಲ್ಲಿ ಇನ್ಸುಲಿನ್ ಹೆಚ್ಚಿಸೋ ಜಾತಿಯದು.

ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಅಕ್ಕನಿಗೆ ಹಾರ್ಟ್ ಅಟ್ಯಾಕ್ ಅಂತ ಗಾಬರಿ. ಪುಣ್ಯಕ್ಕೆ ಸಕ್ಕರೆ ನೋಡೋ ಯಂತ್ರ ಮನೆಯಲ್ಲಿತ್ತು: 52. ಸಕ್ಕರೆ ನೀರು ಕುಡಿಸಿ, ಆಟೋದಲ್ಲಿ ಆಸ್ಪತ್ರೆಗೆ ಕರಕೊಂಡು ಹೋದಳು. ಅಲ್ಲಿ ಡ್ಯೂಟಿ ಡಾಕ್ಟರು, ಚಿಕ್ಕ ಹುಡುಗಿ, "ಏನಾದ್ರೂ ಡ್ರಿಂಕ್ಸ್ ತಗೊಂಡಿದ್ರಾ ಅಂಕಲ್?" ಅಂತ ಕೇಳಿದರೆ ಭಾವ ಅಕ್ಕನ ಮುಖ ನೋಡಿ ಇಲ್ಲ ಅಂದರಂತೆ. ಮತ್ತೆ ಕೇಳಿದರೆ ಮತ್ತೆ ಇಲ್ಲ. ಮೂರನೇ ಸಲ ಅಕ್ಕನನ್ನು ಹೊರಗೆ ಕಳಿಸಿ ಕೇಳಿದ ಮೇಲೆ ಒಪ್ಪಿಕೊಂಡರು. ಆಮೇಲೆ ಆಕೆ ವಿವರಿಸಿದ್ದು: ಹೊಟ್ಟೆ ಖಾಲಿ ಇದ್ದಾಗ ರಕ್ತಕ್ಕೆ ಸಕ್ಕರೆ ಒದಗಿಸೋದು ಲಿವರಿನ ಕೆಲಸ. ಆಲ್ಕೋಹಾಲ್ ಬಂದರೆ ಲಿವರು ಮೊದಲು ಅದನ್ನ ಕರಗಿಸೋಕೆ ಕೂರುತ್ತೆ, ಸಕ್ಕರೆ ತಯಾರಿ ಹಿಂದೆ ಬೀಳುತ್ತೆ. ಮೇಲೆ ಮಾತ್ರೆ ಸಕ್ಕರೆಯನ್ನು ಇಳಿಸ್ತಾ ಇರುತ್ತೆ. ಕುಡಿದ ಎಷ್ಟೋ ಗಂಟೆ ನಂತರ, ನಿದ್ದೆಯಲ್ಲಿದ್ದಾಗ ಇದು ಆಗಬಹುದು. ನೋಡಿದವರು ಕುಡಿದು ಮತ್ತಿನಲ್ಲಿದಾರೆ ಅಂತ ಬಿಟ್ಟುಬಿಡಲೂಬಹುದು.

ಚಪಾತಿಯ ಕ್ಯಾಲೊರಿಯೂ ವೈನಿನ ಕ್ಯಾಲೊರಿಯೂ ಕಾಗದದ ಮೇಲೆ ಒಂದೇ, ದೇಹದೊಳಗೆ ಅಲ್ಲ. ನನ್ನ ಸೂತ್ರದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆದ್ದರಿಂದ ಇದನ್ನ ಓದ್ತಿರೋ ಯಾರಾದರೂ ಸಕ್ಕರೆಗೆ ಮಾತ್ರೆ, ಇನ್ಸುಲಿನ್ ತಗೊಳ್ತಿದ್ದರೆ, ಅಥವಾ ಸಂಕಷ್ಟಿ, ಏಕಾದಶಿ ಅಂತ ಉಪವಾಸ ಮಾಡಿದ್ದರೆ, ಊಟ ಬಿಟ್ಟು ಆ ಜಾಗಕ್ಕೆ ವೈನ್ ತುಂಬೋ ಲೆಕ್ಕ ಹಾಕಬೇಡಿ. ನಿಮ್ಮ ಡಾಕ್ಟರನ್ನ ಕೇಳಿ, ಕೇಳುವಾಗ ನಿಜ ಹೇಳಿ. ಭಾವ ಈಗ ಬಿಟ್ಟಿದಾರೆ. ನನ್ನ ಜೊತೆ ಮಾತಾಡೋದನ್ನ ಬಿಟ್ಟಿಲ್ಲ, ಅಕ್ಕ ಒಂದು ತಿಂಗಳು ಬಿಟ್ಟಿದ್ದಳು.

"ಆದ್ರೂ ವೈನು ಹಾರ್ಟಿಗೆ ಒಳ್ಳೇದಂತಲ್ಲ" ಅಂತ ಲಾಲ್‌ಬಾಗಿನಲ್ಲಿ ನಡೆಯೋವಾಗ ಒಬ್ಬರಾದರೂ ಹೇಳ್ತಾರೆ. ಈ ಮಾತು ಮನೆಮನೆಗೆ ಹೋಗಿದ್ದು 1991ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದು ಫ್ರೆಂಚರ ಕೊಬ್ಬಿನೂಟ, ಕೆಂಪು ವೈನು, ಗಟ್ಟಿ ಹೃದಯದ ಕತೆ ಹೇಳಿದ ಮೇಲೆ. ಈಗ ಆ ಕತೆ ಸೊರಗಿದೆ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೇರವಾಗಿಯೇ ಹೇಳಿತು, ಆರೋಗ್ಯಕ್ಕೆ ಅಪಾಯವೇ ಇಲ್ಲ ಅನ್ನಬಹುದಾದ ಆಲ್ಕೋಹಾಲ್ ಪ್ರಮಾಣ ಯಾವುದೂ ಇಲ್ಲ ಅಂತ. ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಯಲ್ಲಿ ಮದ್ಯ ಸೇರಿದ್ದು 1988ರಲ್ಲೇ. ಹಾಗಾಗಿ ಕುಡಿಯದವರು ಆರೋಗ್ಯಕ್ಕೆ ಅಂತ ಶುರು ಮಾಡೋದು ಮೂರ್ಖತನ. ನಾನು ಕುಡಿಯೋದು ನನಗೆ ಇಷ್ಟ ಅಂತ, ಒಳ್ಳೇದು ಅಂತಲ್ಲ. ಹೀಗೆ ಒಪ್ಪಿಕೊಂಡ ಮೇಲೆ ಕಡಿಮೆ ಕುಡಿಯೋದು ಸುಲಭ ಆಗಿದೆ, ಯಾಕೋ ಗೊತ್ತಿಲ್ಲ. ಔಷಧಿ ಅಂದ್ಕೊಂಡಿದ್ದಾಗ ಡೋಸ್ ತಪ್ಪಿಸಬಾರದು ಅನ್ನಿಸ್ತಿತ್ತೇನೋ :-)

ವಿಸ್ಕಿ ಗೆಳೆಯರು ಕೇಳ್ತಾರೆ, ನಮ್ಮದೇ ವಾಸಿ ಅಲ್ವಾ, ಸಕ್ಕರೆಯೇ ಇಲ್ಲ ಅಂತ. ಸೂತ್ರ ನಿಮಗೂ ಅದೇ: 60 ಮಿಲಿ, ಶೇ. 42.8, ಅಂದರೆ 141. ಒಂದು ಸರಿಯಾದ ಅಳತೆಯ ವೈನ್ ಗ್ಲಾಸಿಗಿಂತ ಜಾಸ್ತಿ. ಜೊತೆಗೆ ಕೋಲಾ ಬೆರೆಸಿದರೆ ದೇವರೇ ಗತಿ.

ಬಾಟಲಿ ಮೇಲೆ ಕ್ಯಾಲೊರಿ, ಸಕ್ಕರೆ ಬರೆಯೋದನ್ನ ನಮ್ಮಲ್ಲೂ ಕಡ್ಡಾಯ ಮಾಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಸಕ್ಕರೆ ಕಾಯಿಲೆ ಮನೆಗೊಬ್ಬರಿಗೆ ಅನ್ನೋ ಹಾಗೆ ಇರೋ ಊರು ಇದು. ಗ್ಲಾಸಿಗೆ ಅರ್ಧ ಗ್ರಾಂ ಸಕ್ಕರೆಯೋ ಹದಿನಾರು ಗ್ರಾಮೋ ಅಂತ ರುಚಿ ನೋಡಿ ಕಂಡುಹಿಡಿ ಅಂದರೆ ಹೇಗೆ? ಹುಳಿ ಜಾಸ್ತಿ ಇದ್ದರೆ ನಾಲಿಗೆಗೆ ಸಿಹಿ ಗೊತ್ತಾಗೋದೇ ಇಲ್ಲ, ನಿಂಬೆ ಪಾನಕದಲ್ಲಿ ಎಷ್ಟು ಸಕ್ಕರೆ ಕರಗಿರುತ್ತೆ ಅಂತ ಮಾಡಿದವರಿಗೇ ಗೊತ್ತು. ಬರೆದರೆ ಕುಡಿಯೋದಕ್ಕೆ ಪ್ರೋತ್ಸಾಹ ಕೊಟ್ಟ ಹಾಗೆ ಆಗುತ್ತೆ ಅಂತ ಒಬ್ಬರು ವಾದ ಮಾಡಿದರು. ಚಿಪ್ಸಿನ ಪೊಟ್ಟಣದ ಮೇಲೆ ಬರೆದಿದ್ದರಿಂದ ಯಾರಿಗೆ ಪ್ರೋತ್ಸಾಹ ಸಿಕ್ಕಿದೆಯೋ ಕಾಣೆ. "ಲೋ ಕ್ಯಾಲೊರಿ" ಅಂತ ಮುಂದುಗಡೆ ದೊಡ್ಡದಾಗಿ ಬರೆದು ಮಾರೋದಕ್ಕೆ ಮಾತ್ರ ನನ್ನ ವಿರೋಧ ಇದೆ, ಹಾಗೆ ಬರೆದರೆ ನನ್ನಂಥವರು ಎರಡು ಲೋಟ ಹೆಚ್ಚಿಗೆ ಹಾಕ್ಕೋತೀವಿ. ಹಿಂದುಗಡೆ, ಚಿಕ್ಕದಾಗಿ, ಸಂಖ್ಯೆ ಮಾತ್ರ ಇರಲಿ.

ಈಗ ನನ್ನ ಕ್ರಮ ಹೇಳ್ತೀನಿ, ಬೇಕಾದವರು ತಗೊಳ್ಳಿ. ತಿಂಗಳಿಗೆ ಎರಡು ಶನಿವಾರ. ಡ್ರೈ, ಹನ್ನೆರಡರ ಆಸುಪಾಸಿನದು, ಇಂಥದೇ ಬ್ರಾಂಡ್ ಅಂತೇನಿಲ್ಲ. 125 ಮಿಲಿ, ಅಂದರೆ 83 ಕ್ಯಾಲೊರಿ, ಊಟದ ಜೊತೆಗೇ, ಊಟದ ಬದಲಿಗಲ್ಲ. ಚಪಾತಿ ಪಲ್ಯದ ಜೊತೆ ಬಿಳಿ ವೈನ್ ಚೆನ್ನಾಗೇ ಹೋಗುತ್ತೆ, ಹುಳಿಯನ್ನದ ಜೊತೆ ಹೋಗಲ್ಲ, ಪ್ರಯತ್ನ ಮಾಡಿದೀನಿ. ಕಾಂಗ್ರೆಸ್ ಕಡಲೆಕಾಯಿ ವೈನಿಲ್ಲದ ದಿನ, ಸಂಜೆ ಕಾಫಿ ಜೊತೆ, ಚಿಕ್ಕ ಬಟ್ಟಲಲ್ಲಿ. ಉಳಿದ ವೈನು? ಮಗಳ ಹಾಲಿನ ಬಾಟಲಿಯ ಹಾಗೇ ಚಿಕ್ಕ ಚಿಕ್ಕ ಶೀಶೆಗಳಿಗೆ ಬಾಯಿತನಕ ತುಂಬಿ, ಮುಚ್ಚಳ ಬಿಗಿದು, ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿ. ಗಾಳಿ ಸೇರದಿದ್ದರೆ ಬೇಗ ಕೆಡಲ್ಲ. ನಾಲ್ಕು ತಿಂಗಳಲ್ಲಿ ಮೂರೂವರೆ ಕೆಜಿ ಇಳಿದಿದೀನಿ. ಹೆಚ್ಚಿನದು ಕಡಲೆಕಾಯಿಯ ಪುಣ್ಯ, ವೈನಿನದಲ್ಲ ಅಂತ ನನ್ನ ಅನುಮಾನ.

ಪ್ರತಿಸಲ ಹಾಲಿನ ಬಾಟಲಿ ಹುಡುಕೋದು ಬೇಡ ಅಂತ ನನ್ನ ಸ್ಟೀಲ್ ಲೋಟದ ಒಳಗೆ 125 ಮಿಲಿ ಬರೋ ಕಡೆ ಮೊಳೆಯಿಂದ ಒಂದು ಗೀಟು ಎಳೆದಿದ್ದೆ. ಮೊನ್ನೆ ಅದು ಹೇಗೋ ಕೆಳಗಿನ ಅಡುಗೆಮನೆಗೆ ಹೋಗಿಬಿಟ್ಟಿದೆ. ಅಮ್ಮ ಬೆಳಕಿಗೆ ಹಿಡಿದು ತಿರುಗಿಸಿ ನೋಡ್ತಾ ಇದ್ದರು.

"ಇದೇನೋ ಇದು, ಲೋಟಕ್ಕೆ ಗೀಟು?"

"ಔಷಧಿ ಅಳೆಯೋಕಮ್ಮ" ಅಂದೆ, ನಾಲಿಗೆ ಒಣಗಿತ್ತು.

ಅಮ್ಮ ಒಂದು ನಿಮಿಷ ಏನೂ ಹೇಳಲಿಲ್ಲ. ಲೋಟ ತೊಳೆದು ಬುಟ್ಟಿಯಲ್ಲಿ ಕವುಚಿ ಹಾಕಿ, "ಫ್ರಿಜ್ಜಿನ ಹಿಂದುಗಡೆ ಇಟ್ಟಿದೀಯಲ್ಲ, ಆ ಔಷಧಿ ಶೀಶೆಗಳಿಗೆಲ್ಲ ಒಂದೊಂದು ಚೀಟಿ ಅಂಟಿಸು. ಮೊನ್ನೆ ವಿನಿಗರ್ ಅಂದ್ಕೊಂಡು ಕೋಸಂಬರಿಗೆ ಹಾಕ್ತಿದ್ದೆ" ಅಂದರು.